ಚಕ್ರ ಬಿಚ್ಚಿ ಟ್ರ್ಯಾಕ್ ಹಾಕಿದ ಬೈಕುಗಳು: ಹೂತುಹೋಗದೆ ಓಡುವ ಲೆಕ್ಕ

ಹ್ಯಾಂಡಲ್ ಹಿಡಿದು ಸ್ವಲ್ಪ ಎಡಕ್ಕೆ ತಿರುಗಿಸಿ. ಮುಂದಿನ ಚಕ್ರ ಎಡಕ್ಕೆ ಹೊರಳುತ್ತದೆ, ಗಾಡಿಯೂ ಮೆಲ್ಲಗೆ ಎಡಕ್ಕೆ ಹೋಗುತ್ತದೆ. ಇಲ್ಲಿಯವರೆಗೆ ವಿಶೇಷ ಏನೂ ಇಲ್ಲ. ಈಗ ಹ್ಯಾಂಡಲನ್ನು ಇನ್ನೂ ಜಾಸ್ತಿ ತಿರುಗಿಸಿ. ಗಾಡಿಯ ಹೊಟ್ಟೆಯೊಳಗೆ ಎಡಗಡೆಯ ಒಂದು ಬ್ರೇಕ್ ಕಚ್ಚಿಕೊಳ್ಳುತ್ತದೆ. ಎಡಗಡೆಯ ಟ್ರ್ಯಾಕ್, ಅಂದರೆ ಚಕ್ರಗಳ ಸುತ್ತ ಹೊರಳುವ ಚೈನು ಪಟ್ಟಿ, ನಿಧಾನವಾಗುತ್ತದೆ, ಬಲಗಡೆಯದು ಮುಂದೆ ನುಗ್ಗುತ್ತದೆ. ಒಂದೂಕಾಲು ಟನ್ ತೂಕದ ಗಾಡಿ ಚಿಕ್ಕ ಜಾಗದಲ್ಲೇ ಸೊಂಟ ತಿರುಗಿಸಿದ ಹಾಗೆ ತಿರುಗುತ್ತದೆ.

ಇದರ ಹೆಸರು ಕೆಟೆನ್‌ಕ್ರಾಡ್. ಜರ್ಮನ್ ಭಾಷೆಯಲ್ಲಿ ಕೆಟೆ ಎಂದರೆ ಚೈನು, ಕ್ರಾಡ್ ಎಂದರೆ ಮೋಟಾರ್‌ಸೈಕಲ್. ಎರಡನೇ ಮಹಾಯುದ್ಧದ ಕಾಲದ ಗಾಡಿ. ಮುಂದೆ ಬೈಕಿನ ಫೋರ್ಕು, ಬೈಕಿನ ಚಕ್ರ, ಬೈಕಿನ ಹ್ಯಾಂಡಲ್. ಹಿಂದೆ ಟ್ಯಾಂಕಿನ ಹಾಗೆ ಎರಡು ಟ್ರ್ಯಾಕ್. ಫೋಟೊ ನೋಡಿದವರು ಮೊದಲು ನಗುತ್ತಾರೆ. ಆಮೇಲೆ ಒಂದು ಪ್ರಶ್ನೆ ಏಳುತ್ತದೆ: ಬೈಕಿಗೆ ಟ್ರ್ಯಾಕ್ ಯಾಕೆ? ಹಾಕಿದ ಮೇಲೆ ಅದು ಇನ್ನೂ ಬೈಕಾಗಿ ಉಳಿಯುತ್ತದಾ?

ನನಗೆ ಈ ಎರಡನೇ ಪ್ರಶ್ನೆಯೇ ಮುಖ್ಯ. ಟ್ರ್ಯಾಕ್ ಹಾಕಿದರೆ ಗಾಡಿ ಹಿಮದಲ್ಲಿ, ಮರಳಲ್ಲಿ, ಕೆಸರಲ್ಲಿ ಓಡುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಅದಕ್ಕೆ ಬೈಕು ಏನನ್ನು ಬಿಟ್ಟುಕೊಡಬೇಕು ಎನ್ನುವುದು ಅಷ್ಟಾಗಿ ಯಾರಿಗೂ ಹೊಳೆಯುವುದಿಲ್ಲ. ನೂರು ವರ್ಷದಿಂದ ಈ ಗಾಡಿಗಳನ್ನು ಕಟ್ಟಿದವರೆಲ್ಲ ತಲೆ ಕೆಡಿಸಿಕೊಂಡಿದ್ದು ಅದಕ್ಕೇ.

ಮೊದಲು ತೂಕದ ವಿಷಯ ನೋಡೋಣ.

ಭತ್ತದ ಸೀಮೆಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಕಟಾವಿನ ಹೊತ್ತಿಗೆ ಮಳೆ ಬಂದರೆ ಟೈರಿನ ಮಷಿನ್ ಗದ್ದೆಗೆ ಇಳಿಯುವುದಿಲ್ಲ, ಚೈನ್ ಮಷಿನ್ನೇ ಬೇಕು. ಬಾಡಿಗೆ ಜಾಸ್ತಿ, ಆದರೂ ಅದಕ್ಕೇ ಕಾಯುತ್ತಾರೆ. ಒಮ್ಮೆ ಅಂಥ ಗದ್ದೆಯಲ್ಲಿ ನಿಂತು ನೋಡಿದ್ದೆ. ನನ್ನ ಕಾಲು ಹರಡಿನವರೆಗೆ ಹೂತಿತ್ತು. ಪಕ್ಕದಲ್ಲೇ ಕೆಲವು ಟನ್ ತೂಕದ ಯಂತ್ರ ಹಾದುಹೋದ ಗುರುತು ನಾಲ್ಕು ಬೆರಳಿನಷ್ಟೂ ಆಳ ಇರಲಿಲ್ಲ. ಬಗ್ಗಿ ಕೈಯಿಟ್ಟು ನೋಡಿದೆ. ರಬ್ಬರ್ ಪಟ್ಟಿಯ ಹಲ್ಲಿನ ಅಚ್ಚು ಒಂದರ ಪಕ್ಕ ಒಂದು, ಇಡ್ಲಿ ತಟ್ಟೆಯ ಗುಳಿಯ ಹಾಗೆ ಸಾಲಾಗಿ ಮೂಡಿತ್ತು. ನಡುವಿನ ಮಣ್ಣು ಕದಲಿರಲಿಲ್ಲ.

ಇದರ ಗುಟ್ಟು ಸರಳ. ನೆಲ ಒಟ್ಟು ತೂಕವನ್ನು ನೋಡುವುದಿಲ್ಲ. ತನ್ನ ಒಂದೊಂದು ಚದರ ಸೆಂಟಿಮೀಟರಿನ ಮೇಲೆ ಎಷ್ಟು ಭಾರ ಬೀಳುತ್ತದೆ ಎಂದು ನೋಡುತ್ತದೆ. ಬೈಕು 180 ಕೆ.ಜಿ., ಸವಾರ 70 ಕೆ.ಜಿ. ಎಂದು ಹಿಡಿಯೋಣ. ಒಟ್ಟು 250 ಕೆ.ಜಿ. ಟೈರು ನೆಲಕ್ಕೆ ತಾಗುವ ಜಾಗ ಅಂಗೈಯಷ್ಟೇ. ಎರಡೂ ಟೈರು ಸೇರಿ 150 ಚದರ ಸೆಂ.ಮೀ. ಅಂದುಕೊಂಡರೆ, ಚದರ ಸೆಂಟಿಮೀಟರಿಗೆ 1.6 ಕೆ.ಜಿ. ಗಿಂತ ಹೆಚ್ಚು ಭಾರ. ಇದನ್ನು ಇನ್ನೊಂದು ದಾರಿಯಿಂದಲೂ ತಾಳೆ ನೋಡಬಹುದು. ಟೈರು ನೆಲವನ್ನು ಒತ್ತುವ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಪಂಪಿನವನು 25 ಪಾಯಿಂಟ್ ಗಾಳಿ ಹೊಡೆದರೆ ಅದು ಚದರ ಸೆಂಟಿಮೀಟರಿಗೆ ಸುಮಾರು 1.75 ಕೆ.ಜಿ. ಲೆಕ್ಕ ಸರಿಯಾಗಿದೆ, ಅಲ್ವಾ? ಮರಳಿಗೆ ಇಳಿಯುವ ಮುಂಚೆ ಟೈರಿನ ಗಾಳಿ ಇಳಿಸುವುದೂ ಇದಕ್ಕೇ.

ಈಗ ಹಿಂದಿನ ಚಕ್ರ ಬಿಚ್ಚಿ ಅಲ್ಲಿ 30 ಸೆಂ.ಮೀ. ಅಗಲದ ಟ್ರ್ಯಾಕ್ ಹಾಕಿ. ನೆಲಕ್ಕೆ ಮಲಗುವ ಉದ್ದ 1 ಮೀಟರ್ ಇರಲಿ. ಅಂದರೆ 3,000 ಚದರ ಸೆಂ.ಮೀ. ಪೂರಾ 250 ಕೆ.ಜಿ. ಅದರ ಮೇಲೇ ಬಿದ್ದರೂ ಚದರ ಸೆಂಟಿಮೀಟರಿಗೆ 83 ಗ್ರಾಂ! ಎರಡು ಕಾಲ ಮೇಲೆ ಸುಮ್ನೆ ನಿಂತ ಮನುಷ್ಯ ಇದರ ಎರಡರಷ್ಟು ಭಾರ ಹಾಕುತ್ತಾನೆ. ನಡೆಯುವಾಗ ಒಂದೇ ಕಾಲ ಮೇಲೆ ನಿಲ್ಲುವುದರಿಂದ ಅದು ಇನ್ನೂ ಹೆಚ್ಚು. ಆಗ ತಾನೇ ಬಿದ್ದ ಹಿಮದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬರೀ ಗಾಳಿ. ಮನುಷ್ಯ ತೊಡೆಯವರೆಗೆ ಹೂತುಹೋಗುವ ಅಂಥ ಹಿಮದಲ್ಲಿ ಟ್ರ್ಯಾಕಿನ ಬೈಕು ಮೇಲ್ಮೇಲೆ ತೇಲಿಕೊಂಡು ಹೋಗುವುದು ಹೀಗೆ.

ತೂಕ ಹಂಚುವುದು ಅರ್ಧ ಕೆಲಸ. ಇನ್ನರ್ಧ ಹಿಡಿತ. ಚಕ್ರ ಮರಳಲ್ಲಿ ಗಿರ್ರನೆ ಸುತ್ತುವುದನ್ನು ನೋಡಿದ್ದೀರಲ್ಲ? ಅದು ತನ್ನ ಮುಂದೆ ತಾನೇ ಒಂದು ಸಣ್ಣ ದಿಬ್ಬ ಮಾಡಿಕೊಳ್ಳುತ್ತದೆ. ಅದನ್ನು ಹತ್ತಲಾರದೆ ಇನ್ನೂ ತೋಡುತ್ತದೆ. ಆಕ್ಸಿಲರೇಟರ್ ಕೊಟ್ಟಷ್ಟೂ ಗುಂಡಿ ಆಳ. ಟ್ರ್ಯಾಕಿನ ರೀತಿಯೇ ಬೇರೆ. ಅದು ಚಾಪೆ ಹಾಸಿಕೊಂಡು ಅದರ ಮೇಲೆ ನಡೆದು, ದಾಟಿದ ಮೇಲೆ ಹಿಂದಿನಿಂದ ಸುತ್ತಿಕೊಂಡು ಮತ್ತೆ ಮುಂದೆ ಹಾಸಿದ ಹಾಗೆ. ಗಾಡಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಅನ್ನಿ. ಟ್ರ್ಯಾಕಿನ ಮೇಲ್ಭಾಗ 40 ಕಿ.ಮೀ. ವೇಗದಲ್ಲಿ ಮುಂದೆ ಓಡುತ್ತಿರುತ್ತದೆ. ಆದರೆ ನೆಲಕ್ಕೆ ತಾಗಿದ ಕೆಳಭಾಗ ಜಾರದಿದ್ದರೆ ಅಲ್ಲಾಡುವುದೇ ಇಲ್ಲ! ಹಲ್ಲುಗಳು ನೆಲದಲ್ಲಿ ನಾಟಿ ನಿಂತಿರುತ್ತವೆ, ಗಾಡಿ ಅವುಗಳ ಮೇಲೆ ಹರಿದುಹೋಗುತ್ತದೆ. ಮೊದಲ ಹಲ್ಲುಗಳು ಹಿಮವನ್ನು ಒತ್ತಿ ಗಟ್ಟಿ ಮಾಡಿಕೊಡುತ್ತವೆ, ಹಿಂದಿನವು ಅದರ ಮೇಲೆ ನಿಲ್ಲುತ್ತವೆ.

ಎಲ್ಲವೂ ಚೆನ್ನ. ತಿರುಗಬೇಕಾದಾಗ ತಾಪತ್ರಯ ಶುರು.

ಚಕ್ರ ನೆಲಕ್ಕೆ ತಾಗುವುದು ಅಂಗೈಯಷ್ಟು ಜಾಗದಲ್ಲಿ. ಅದನ್ನು ಬುಗುರಿಯ ಹಾಗೆ ಇದ್ದಲ್ಲೇ ತಿರುಗಿಸಬಹುದು. ಟ್ರ್ಯಾಕು ಒಂದು ಮೀಟರ್ ಉದ್ದಕ್ಕೆ ನೆಲಕ್ಕೆ ಅಂಟಿದೆ. ಅದು ತಿರುಗಬೇಕಾದರೆ ಮುಂದಿನ ತುದಿ ಒಂದು ಕಡೆಗೂ ಹಿಂದಿನ ತುದಿ ಇನ್ನೊಂದು ಕಡೆಗೂ ಅಡ್ಡಡ್ಡ ಕೆರೆದುಕೊಂಡು ಹೋಗಬೇಕು. ಯಾವ ಹಿಡಿತಕ್ಕಾಗಿ ಟ್ರ್ಯಾಕ್ ಹಾಕಿದೆವೋ ಅದೇ ಹಿಡಿತ ತಿರುಗಲು ಬಿಡುವುದಿಲ್ಲ. ನಮ್ಮ ಕಡೆ ಜೆಸಿಬಿ, ಹಿಟಾಚಿ ಎರಡನ್ನೂ ನೋಡಿದವರಿಗೆ ಇದು ಗೊತ್ತು. ಟೈರಿನ ಜೆಸಿಬಿ ರಸ್ತೆಯಲ್ಲಿ ಕಾರಿನ ಹಾಗೆ ತಿರುಗಿ ಹೋಗುತ್ತದೆ. ಚೈನಿನ ಹಿಟಾಚಿ ತಿರುಗಿದ ಕಡೆ ಡಾಂಬರು ಕಿತ್ತು ಬಂದಿರುತ್ತದೆ.

ಬೈಕಿಗೆ ಇನ್ನೂ ಒಂದು ಕಷ್ಟ. ಬೈಕು ಬರೀ ಹ್ಯಾಂಡಲಿನಿಂದ ತಿರುಗುವುದಿಲ್ಲ, ವಾಲಿ ತಿರುಗುತ್ತದೆ. ಟೈರಿನ ಮೈ ದುಂಡಗಿರುವುದು ಅದಕ್ಕೇ. ಎಷ್ಟು ವಾಲಿದರೂ ನೆಲಕ್ಕೆ ಒಂದಿಷ್ಟು ರಬ್ಬರು ತಾಗಿಯೇ ಇರುತ್ತದೆ. ಚಪ್ಪಟೆ ಟ್ರ್ಯಾಕು ವಾಲಿದರೆ ಒಂದು ಅಂಚಿನ ಮೇಲೆ ನಿಲ್ಲಬೇಕು. ಗಟ್ಟಿ ನೆಲದಲ್ಲಿ ಅದು ಆಗದ ಮಾತು. ಟ್ರ್ಯಾಕಿನ ಬೈಕಿನ ಇತಿಹಾಸವೆಲ್ಲ ಈ ವಾಲುವಿಕೆಯ ಸುತ್ತಲೇ ಸುತ್ತುತ್ತದೆ. ಅದನ್ನು ಬಿಟ್ಟುಕೊಡುವುದಾ, ಉಳಿಸಿಕೊಳ್ಳುವುದಾ?

ಟ್ರ್ಯಾಕನ್ನು ಹಗುರ ಮಾಡುವ ದಾರಿ ತೋರಿಸಿದವರಲ್ಲಿ ಫ್ರಾನ್ಸಿನ ಅಡಾಲ್ಫ್ ಕೆಗ್ರೆಸ್ ದೊಡ್ಡ ಹೆಸರು. ರಷ್ಯಾದ ಕೊನೆಯ ಝಾರ್ ಎರಡನೇ ನಿಕೊಲಾಸನ ಕಾರುಗಳ ಉಸ್ತುವಾರಿ ಇವನದಾಗಿತ್ತು. ರಷ್ಯಾದ ಚಳಿಗಾಲದಲ್ಲಿ ರೋಲ್ಸ್ ರಾಯ್ಸ್ ಇದ್ದರೇನು, ಹಿಮದಲ್ಲಿ ಕದಲಬೇಕಲ್ಲ? ಕೆಗ್ರೆಸ್ ಕಾರಿನ ಹಿಂದಿನ ಚಕ್ರಗಳ ಜಾಗದಲ್ಲಿ ಬಾಗುವ ಬೆಲ್ಟ್ ಹಾಕಿದ, ಮುಂದೆ ಸ್ಕೀ, ಅಂದರೆ ಹಿಮದ ಮೇಲೆ ಜಾರುವ ಹಲಗೆ, ಕಟ್ಟಿದ. ಅದೇ ಬಗೆಯ ಟ್ರ್ಯಾಕ್ ಹಾಕಿದ ಲೆನಿನ್ನನ ರೋಲ್ಸ್ ರಾಯ್ಸ್ ಮಾಸ್ಕೊ ಹತ್ತಿರದ ಗೋರ್ಕಿಯಲ್ಲಿ ಇವತ್ತಿಗೂ ಇದೆ. ಕ್ರಾಂತಿಯ ನಂತರ ಕೆಗ್ರೆಸ್ ಫ್ರಾನ್ಸಿಗೆ ಮರಳಿ ಸಿಟ್ರೊಯೆನ್ ಕಂಪನಿಗೆ ಕೆಲಸ ಮಾಡಿದ. 1922ರ ಡಿಸೆಂಬರಿನಲ್ಲಿ ಹೊರಟ ಸಿಟ್ರೊಯೆನ್ ಗಾಡಿಗಳು ಈ ಟ್ರ್ಯಾಕಿನ ಮೇಲೆ ಸಹಾರಾ ಮರುಭೂಮಿ ದಾಟಿ 1923ರ ಜನವರಿಯಲ್ಲಿ ಟಿಂಬಕ್ಟು ತಲುಪಿದವು. 1931ರಲ್ಲಿ ಇಂಥವೇ ಎರಡು ಗಾಡಿಗಳು ನಮ್ಮ ಶ್ರೀನಗರದಿಂದ ಗಿಲ್ಗಿಟ್ ಕಡೆಗೆ ಹಿಮಾಲಯದ ಕುದುರೆ ದಾರಿಯಲ್ಲಿ ಹೋದವು. ದಾರಿ ಕುಸಿದ ಕಡೆ ಗಾಡಿಯನ್ನು ಬಿಚ್ಚಿ, ಬಿಡಿಭಾಗಗಳನ್ನು ಹೊತ್ತು ಸಾಗಿಸಿ ಮತ್ತೆ ಜೋಡಿಸಿದರಂತೆ. ಆ ಹಮಾಲರ ಬೆನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅತ್ತ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸೇನರ್ ಎಂಬ ಪುಟ್ಟ ಊರಲ್ಲಿ ಕಾರ್ಲ್ ಎಲಿಯಾಸನ್ ಎಂಬಾತ ಇದ್ದ. ಕಾಲಿನ ತೊಂದರೆಯಿಂದ ಹಿಮದಲ್ಲಿ ಗೆಳೆಯರ ಜೊತೆ ಬೇಟೆಗೆ ಹೋಗಲು ಅವನಿಗೆ ಆಗುತ್ತಿರಲಿಲ್ಲ. 1924ರಲ್ಲಿ ತನ್ನ ಗ್ಯಾರೇಜಿನಲ್ಲೇ ಒಂದು ಗಾಡಿ ಕಟ್ಟಿದ. ಉದ್ದನೆಯ ಮರದ ಜಾರುಹಲಗೆ, ಮುಂದೆ ಎರಡು ಸ್ಕೀ, ಅವನ್ನು ತಿರುಗಿಸಲು ಹಗ್ಗ, ದೋಣಿಯ 2.5 ಅಶ್ವಶಕ್ತಿಯ ಎಂಜಿನ್, ಫೋರ್ಡ್ ಮಾಡೆಲ್ ಟಿ ಕಾರಿನ ರೇಡಿಯೇಟರಿನ ಒಂದು ತುಂಡು, ಸೈಕಲ್ಲಿನ ಬಿಡಿಭಾಗಗಳು. ನಡುವೆ ಒಂದೇ ಒಂದು ಟ್ರ್ಯಾಕ್. 1927ರಲ್ಲಿ ಪೇಟೆಂಟ್ ಸಿಕ್ಕಿತು. ಮುಂದೆ ಅವನ ಗಾಡಿಗಳಿಗೆ ಇಂಡಿಯನ್ ಕಂಪನಿಯ ಮೋಟಾರ್‌ಸೈಕಲ್ ಎಂಜಿನ್ನುಗಳು ಬಂದವು. ಬೈಕಿನ ಹೃದಯ, ಟ್ರ್ಯಾಕಿನ ಕಾಲು. ಎಲಿಯಾಸನ್ನನ ಗಾಡಿ ವಾಲುತ್ತಿರಲಿಲ್ಲ, ಮುಂದಿನ ಎರಡು ಸ್ಕೀ ಅದನ್ನು ನೆಟ್ಟಗೆ ಹಿಡಿದಿದ್ದವು. ಹಿಮದ ಮೇಲೆ ಓಡುವ ಇವತ್ತಿನ ಸ್ನೋಮೊಬೈಲ್ ಈ ಹಾದಿಯಲ್ಲೇ ಬಂದದ್ದು.

ಬೈಕನ್ನು ಬೈಕಾಗಿಯೇ ಇಟ್ಟುಕೊಂಡು ಟ್ರ್ಯಾಕ್ ಹಾಕಲು ಹೋದವರೂ ಇದ್ದರು. ಇಂಗ್ಲೆಂಡಿನ ಓಇಸಿ ಕಂಪನಿ 1920ರ ದಶಕದ ಕೊನೆಯಲ್ಲಿ ಸೇನೆಗೆಂದು ಹಿಂದೆ ಒಂದರ ಬೆನ್ನಿಗೆ ಒಂದರಂತೆ ಎರಡು ಚಕ್ರ ಇಟ್ಟು, ಅವೆರಡನ್ನೂ ಸುತ್ತುವ ಹಾಗೆ ಟ್ರ್ಯಾಕ್ ಹಾಕಿ ನೋಡಿತು. 1930ರ ದಶಕದ ಕೊನೆಯಲ್ಲಿ ಫ್ರಾನ್ಸಿನಲ್ಲಿ ಮರ್ಸಿಯೆ ಎಂಬಾತ ಇನ್ನೂ ವಿಚಿತ್ರವಾದದ್ದನ್ನು ಕಟ್ಟಿದ. ಅವನ ಬೈಕಿನಲ್ಲಿ ಟ್ರ್ಯಾಕ್ ಇದ್ದದ್ದು ಮುಂದೆ. ಅದರ ನೆತ್ತಿಯ ಮೇಲೆ ಜೆಎಪಿ ಕಂಪನಿಯ 350 ಸಿಸಿ ಎಂಜಿನ್, ಹಿಂದೆ ಮಾಮೂಲಿ ಚಕ್ರ. ಫ್ರೆಂಚ್ ಸೇನೆ ಓಡಿಸಿ ನೋಡಿ ಬೇಡ ಎಂದಿತು. ಕಾರಣ ಊಹಿಸುವುದು ಕಷ್ಟ ಅಲ್ಲ. ಎಂಜಿನ್ನು, ಟ್ರ್ಯಾಕು ಎರಡರ ಭಾರವೂ ಹ್ಯಾಂಡಲಿನ ಮೇಲೆ. ನೆಲಕ್ಕೆ ಅಂಟಿದ ಆ ಉದ್ದನೆಯ ಪಟ್ಟಿಯನ್ನು ಬರೀ ತೋಳ್ಬಲದಿಂದ ಹೊರಳಿಸಬೇಕು. ಆದರೂ ಮರ್ಸಿಯೆಯ ಧೈರ್ಯ ನನಗೆ ಇಷ್ಟ. ಎಲ್ಲರೂ ಹಿಂದಿನಿಂದ ನೂಕುವುದನ್ನೇ ಯೋಚಿಸುತ್ತಿದ್ದಾಗ ಅವನು ಮುಂದಿನಿಂದ ಎಳೆಯುವ ದಾರಿ ಹಿಡಿದ.

ಇನ್ನು ಮೊದಲು ಹೇಳಿದ ಕೆಟೆನ್‌ಕ್ರಾಡ್. ಹೈನ್ರಿಖ್ ಎರ್ನ್ಸ್ಟ್ ಕ್ನೀಪ್‌ಕಾಂಪ್ ಎಂಬ ಎಂಜಿನಿಯರನ ಹೆಸರಲ್ಲಿ 1939ರ ಪೇಟೆಂಟ್ ಇದೆ. ನೆಕರ್ಸುಲ್ಮ್ ಊರಿನ ಎನ್‌ಎಸ್‌ಯು ಕಂಪನಿ ಅದನ್ನು ತಯಾರಿಸಿತು. ಆ ಕಾರ್ಖಾನೆ ಈಗ ಆಡಿ ಕಾರಿನ ಕಂಪನಿಯ ಕೈಯಲ್ಲಿದೆ. ಜರ್ಮನ್ನರ ಯುಂಕರ್ಸ್ 52 ಸಾಗಾಟ ವಿಮಾನದೊಳಗೆ ಹಿಡಿಸುವಷ್ಟು ಚಿಕ್ಕದಿರಬೇಕು, ಆದರೆ ಸಣ್ಣ ತೋಪನ್ನೋ ಟ್ರೇಲರನ್ನೋ ಎಳೆಯುವಷ್ಟು ಗಟ್ಟಿ ಇರಬೇಕು ಎನ್ನುವುದು ಷರತ್ತು. ಉದ್ದ 3 ಮೀಟರ್, ಅಗಲ 1 ಮೀಟರ್. ಎಂಜಿನ್ನು ಬೈಕಿನದಲ್ಲ. ಒಪೆಲ್ ಒಲಿಂಪಿಯಾ ಕಾರಿನ ನಾಲ್ಕು ಸಿಲಿಂಡರಿನ ಒಂದೂವರೆ ಲೀಟರ್ ಎಂಜಿನ್ನು, 36 ಅಶ್ವಶಕ್ತಿ. ನೀರಿನಿಂದ ತಂಪಾಗುವಂಥದ್ದು. ಅದು ಇರುವುದು ಸವಾರನ ಬೆನ್ನ ಹಿಂದೆ. ಅದಕ್ಕೂ ಹಿಂದೆ ಇಬ್ಬರು ಹಿಮ್ಮುಖವಾಗಿ ಕೂರುತ್ತಾರೆ.

ಸವಾರನ ಜಾಗದಲ್ಲಿ ಕೂತು ನೋಡಿದರೆ ಇದರ ಮಿಶ್ರಜನ್ಮ ಗೊತ್ತಾಗುತ್ತದೆ. ಬಲಗೈಯಲ್ಲಿ ಬೈಕಿನ ಹಾಗೆ ತಿರುಗಿಸುವ ಆಕ್ಸಿಲರೇಟರ್. ಎಡಗಾಲಲ್ಲಿ ಕಾರಿನ ಹಾಗೆ ಕ್ಲಚ್, ಬಲಗಾಲಲ್ಲಿ ಬ್ರೇಕ್. ಕಾಲುಗಳ ನಡುವೆ ಗೇರ್ ಕಡ್ಡಿ. ಮುಂದಕ್ಕೆ ಮೂರು ಗೇರ್, ಜೊತೆಗೆ ರಸ್ತೆಗೊಂದು, ಕಾಡುದಾರಿಗೊಂದು ಎಂದು ಎರಡು ಹಂತ. ಒಟ್ಟು ಆರು ಗೇರು ಮುಂದಕ್ಕೆ, ಎರಡು ಹಿಂದಕ್ಕೆ. ಒಳ್ಳೆಯ ರಸ್ತೆಯಲ್ಲಿ ಗಂಟೆಗೆ 70 ಕಿ.ಮೀ. ಓಡುತ್ತಿತ್ತು.

ತಿರುವಿನ ಕಷ್ಟವನ್ನು ಇವರು ಬಿಡಿಸಿದ ಬಗೆ ನಿಜಕ್ಕೂ ಚೆಂದ. ವಾಲುವ ಆಸೆಯನ್ನೇ ಬಿಟ್ಟರು. ಎರಡು ಟ್ರ್ಯಾಕ್ ಇರುವ ಗಾಡಿ ವಾಲುವ ಮಾತೇ ಇಲ್ಲ. ಅದರ ಬದಲು ಒಂದೇ ಹ್ಯಾಂಡಲಿನಲ್ಲಿ ಎರಡು ಬಗೆಯ ತಿರುವು ಇಟ್ಟರು. ಸಣ್ಣ ತಿರುವಿಗೆ ಮುಂದಿನ ಚಕ್ರ ಸಾಕು. ದೊಡ್ಡ ತಿರುವಿಗೆ ಹ್ಯಾಂಡಲೇ ಒಂದು ಕಡೆಯ ಬ್ರೇಕನ್ನು ಒತ್ತುತ್ತದೆ. ಈ ಬ್ರೇಕು ಟ್ರ್ಯಾಕನ್ನು ನೇರವಾಗಿ ಹಿಡಿಯುವುದಿಲ್ಲ. ಅದು ಹಿಡಿಯುವುದು ಎಂಜಿನ್ನಿನ ಬಲವನ್ನು ಎರಡೂ ಕಡೆಗೆ ಹಂಚುವ ಡಿಫರೆನ್ಷಿಯಲ್ ಒಳಗಿನ ಒಂದು ಡ್ರಮ್ಮನ್ನು. ಎಡಗಡೆ ಎಷ್ಟು ನಿಧಾನ ಮಾಡಿದರೋ ಅಷ್ಟೇ ವೇಗ ಬಲಗಡೆಗೆ ಹೋಗಿ ಸೇರುತ್ತದೆ. ಎಂಜಿನ್ನಿನ ಬಲ ಅಷ್ಟಾಗಿ ಪೋಲಾಗುವುದಿಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್ ಟ್ರ್ಯಾಕ್ಟರ್ ಕಂಪನಿ ಬಳಕೆಗೆ ತಂದ ಈ ಉಪಾಯಕ್ಕೆ ಕ್ಲೆಟ್ರ್ಯಾಕ್ ಎಂದೇ ಹೆಸರು.

ಹಾಗಾದರೆ ಮುಂದಿನ ಚಕ್ರ ಯಾಕೆ ಬೇಕು? ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಬ್ರೇಕ್ ಹಿಡಿದು ತಿರುಗಿಸಿದರೆ ಗಾಡಿ ಎತ್ತೆತ್ತಲೋ ಎಳೆಯುತ್ತದೆ. ಚಕ್ರ ಅದನ್ನು ಹದವಾಗಿ ಹಿಡಿಯುತ್ತದೆ. ಒರಟು ನೆಲದಲ್ಲಿ ಅದರ ಕೆಲಸ ಕಡಿಮೆ. ಚಕ್ರವನ್ನು ಬಿಚ್ಚಿಟ್ಟೂ ಗಾಡಿ ಓಡುತ್ತಿತ್ತು! ನನ್ನ ಮಟ್ಟಿಗೆ ಕೆಟೆನ್‌ಕ್ರಾಡ್ ಬೈಕಲ್ಲ ಎನ್ನಲು ಇಷ್ಟು ಸಾಕು. ಅದು ಹ್ಯಾಂಡಲ್ ಇರುವ ಪುಟ್ಟ ಟ್ರ್ಯಾಕ್ಟರ್. ಅದರಲ್ಲಿ ಬೇಸರ ಪಡುವಂಥದ್ದು ಏನೂ ಇಲ್ಲ, ಒಳ್ಳೆಯ ಟ್ರ್ಯಾಕ್ಟರ್.

ಟ್ರ್ಯಾಕಿನ ಒಂದೊಂದು ಕೊಂಡಿಯಲ್ಲೂ ಎಷ್ಟು ಕೆಲಸ ಹಿಡಿದಿತ್ತು ನೋಡಿ. ಒಂದು ಬದಿಗೆ 40 ಕೊಂಡಿ. ಪ್ರತಿ ಕೊಂಡಿಯ ಮೇಲೂ ರಬ್ಬರ್ ಮೆತ್ತೆ. ಕೊಂಡಿಗಳನ್ನು ಜೋಡಿಸುವ ಪಿನ್ನಿಗೆ ಸೂಜಿ ಬೇರಿಂಗು, ಅದಕ್ಕೆ ಎಣ್ಣೆ, ಎಣ್ಣೆ ಸೋರದಂತೆ ಸೀಲು. ಇದರಿಂದ ಗಾಡಿ ಹಗುರಾಗಿ, ವೇಗವಾಗಿ ಓಡಿತು. ಆದರೆ ಮರಳು ಎಣ್ಣೆಗೆ ಸೇರಿದರೆ ಅದು ಉಪ್ಪುಕಾಗದದ ಹಾಗೆ ಬೇರಿಂಗನ್ನು ತಿನ್ನುತ್ತದೆ. ಟ್ರ್ಯಾಕಿನೊಳಗಿನ ಚಕ್ರಗಳು ಒಂದರ ಮೇಲೊಂದು ಹೆಣೆದ ಹಾಗೆ ಇದ್ದವು. ತೂಕ ಸಮನಾಗಿ ಹಂಚಲು ಅದು ಚೆನ್ನ. ಆದರೆ ರಷ್ಯಾದ ಚಳಿಯಲ್ಲಿ ಇಂಥ ಜೋಡಣೆಯ ಗಾಡಿಗಳ ಚಕ್ರಗಳ ನಡುವೆ ಸಿಕ್ಕ ಕೆಸರು ರಾತ್ರಿ ಹೆಪ್ಪುಗಟ್ಟಿದರೆ ಬೆಳಿಗ್ಗೆ ಗಾಡಿ ಕದಲುತ್ತಿರಲಿಲ್ಲ. ಒಳಗಿನ ಚಕ್ರ ಬದಲಿಸಲು ಹೊರಗಿನದನ್ನು ಮೊದಲು ಬಿಚ್ಚಬೇಕು. ಮೆಕ್ಯಾನಿಕ್ಕಿನ ಬಳಿ ಕೂತು ಪಾನಾ ಎತ್ತಿಕೊಟ್ಟವರಿಗೆ ಈ ಕಿರಿಕಿರಿ ಅರ್ಥವಾದೀತು.

ಯುದ್ಧದ ಕಾಲದಲ್ಲಿ 8,000ಕ್ಕೂ ಹೆಚ್ಚು ಕೆಟೆನ್‌ಕ್ರಾಡ್ ತಯಾರಾದವು. ಟೆಲಿಫೋನ್ ತಂತಿ ಎಳೆದವು, ತೋಪು ಎಳೆದವು. ಕೊನೆಕೊನೆಗೆ ಇಂಧನ ಉಳಿಸಲು ಜೆಟ್ ವಿಮಾನಗಳನ್ನು ರನ್‌ವೇವರೆಗೆ ಎಳೆದವು. ಯುದ್ಧ ಮುಗಿದ ಮೇಲೂ ಎನ್‌ಎಸ್‌ಯು ಕೆಲವು ನೂರು ಗಾಡಿಗಳನ್ನು ಹೊಲ, ಕಾಡಿನ ಕೆಲಸಕ್ಕೆಂದು ತಯಾರಿಸಿತು. ಕೊಲ್ಲುವ ಕೆಲಸಕ್ಕೆ ಹುಟ್ಟಿದ ಗಾಡಿ ದಿಮ್ಮಿ ಎಳೆಯುವ ಹೊತ್ತಿಗೆ ನೆಮ್ಮದಿಯಾಯಿತು ಎಂದು ನನಗೆ ಅನ್ನಿಸುತ್ತದೆ.

ಲೋಹದ ಕೊಂಡಿಗಳ ಟ್ರ್ಯಾಕ್ ಇರುವವರೆಗೆ ಹಗುರದ ಬೈಕಿಗೆ ಅದು ಭಾರವೇ. ಆ ಗಂಟು ಬಿಚ್ಚಿದ್ದು ಕೆನಡಾದಲ್ಲಿ. ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಊರಿನ ಜೋಸೆಫ್ ಆರ್ಮಂಡ್ ಬೊಂಬಾರ್ಡಿಯೆ ಗ್ಯಾರೇಜ್ ಇಟ್ಟುಕೊಂಡಿದ್ದ ಮೆಕ್ಯಾನಿಕ್. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗನಿಗೆ ಅಪೆಂಡಿಕ್ಸ್ ಸೋಂಕು ಬಂತು. ದಾರಿಯೆಲ್ಲ ಹಿಮದಲ್ಲಿ ಮುಚ್ಚಿತ್ತು. ಆಸ್ಪತ್ರೆಗೆ ಒಯ್ಯಲು ಆಗಲೇ ಇಲ್ಲ. ಮಗು ಉಳಿಯಲಿಲ್ಲ. ಹಿಮದ ಗಾಡಿಯ ಕನಸು ಅವನಿಗೆ ಹುಡುಗನಾಗಿದ್ದಾಗಿನಿಂದಲೂ ಇತ್ತು. ಆಮೇಲೆ ಅದು ಹಟವಾಯಿತು. ರಬ್ಬರ್ ಮೆತ್ತಿದ ಹಲ್ಲುಚಕ್ರ, ರಬ್ಬರು ಮತ್ತು ಹತ್ತಿಬಟ್ಟೆಯ ಟ್ರ್ಯಾಕು ಮಾಡಿದ. 1937ರಲ್ಲಿ ಪೇಟೆಂಟ್ ಬಂತು. ಮೊದಲು ಮಾಡಿದ್ದು ಏಳು ಜನ ಕೂರುವ ದೊಡ್ಡ ಗಾಡಿ. ಒಬ್ಬಿಬ್ಬರ ಪುಟ್ಟ ಗಾಡಿಗೆ ಬೇಕಾದ ಹಗುರದ ಎಂಜಿನ್ನು ಆಗ ಸಿಗುತ್ತಿರಲಿಲ್ಲ. 1959ರಲ್ಲಿ, ಒಂದೇ ತುಂಡಿನ ರಬ್ಬರ್ ಟ್ರ್ಯಾಕಿನೊಂದಿಗೆ ಸ್ಕಿ-ಡೂ ಹೊರಬಂತು. ಕೊಂಡಿ ಇಲ್ಲ, ಪಿನ್ನಿಲ್ಲ, ಬೇರಿಂಗಿಲ್ಲ. ಗದ್ದೆಯ ಚೈನ್ ಮಷಿನ್ನಿನ ರಬ್ಬರ್ ಪಟ್ಟಿಯೂ ಇದೇ ತತ್ವದ್ದು.

ಈಗ ಮತ್ತೆ ವಾಲುವ ಮಾತಿಗೆ ಬರೋಣ. ಟ್ರ್ಯಾಕು ಹಗುರವಾದ ಮೇಲೆ ಬೈಕಿನವರು ಹಳೆಯ ಆಸೆಯನ್ನು ಮತ್ತೆ ಕೈಗೆತ್ತಿಕೊಂಡರು. ಅಮೆರಿಕದ ಐಡಹೊ ರಾಜ್ಯದ ಟಿಂಬರ್‌ಸ್ಲೆಡ್, ಬೈಕಿಗೆ ಟ್ರ್ಯಾಕ್ ಕೂರಿಸುವ ಸ್ನೋಬೈಕ್ ಕಿಟ್‌ಗಳಿಗೆ ಹೆಸರಾದ ಕಂಪನಿ. 2015ರಲ್ಲಿ ಸ್ನೋಮೊಬೈಲ್ ತಯಾರಿಸುವ ಪೊಲಾರಿಸ್ ಕಂಪನಿ ಅದನ್ನು ಕೊಂಡುಕೊಂಡಿತು. ಮಣ್ಣುದಾರಿಯ ಡರ್ಟ್ ಬೈಕಿನ ಎರಡೂ ಚಕ್ರ ಬಿಚ್ಚಿ, ಮುಂದಿನ ಫೋರ್ಕಿಗೆ ಒಂದೇ ಒಂದು ಅಗಲ ಸ್ಕೀ, ಹಿಂದೆ ಒಂದೇ ಒಂದು ಸಪೂರ ಟ್ರ್ಯಾಕ್. ಎಂಜಿನ್ನಿನ ಚೈನು ಚಕ್ರದ ಬದಲು ಒಂದು ಅಡ್ಡ ಶಾಫ್ಟನ್ನು ತಿರುಗಿಸುತ್ತದೆ, ಅಲ್ಲಿಂದ ಬಲ ಟ್ರ್ಯಾಕಿಗೆ ಹೋಗುತ್ತದೆ.

ಇದು ವಾಲುತ್ತದೆ! ಗಟ್ಟಿ ನೆಲದಲ್ಲಿ ಆಗದ್ದು ಇಲ್ಲಿ ಆಗುವುದು ಹಿಮ ಮೆತ್ತಗಿರುವುದರಿಂದ. ಸವಾರ ಮೈ ವಾಲಿಸಿದರೆ ಟ್ರ್ಯಾಕಿನ ಒಂದು ಅಂಚು ಹಿಮದೊಳಗೆ ಇಳಿಯುತ್ತದೆ, ಹಿಮ ಅದಕ್ಕೆ ಜಾಗ ಬಿಡುತ್ತದೆ. ಬೆಟ್ಟದ ಇಳಿಜಾರಿನಲ್ಲಿ ಅಡ್ಡಡ್ಡ ಹೋಗುವಾಗ ಅಗಲವಾದ ಸ್ನೋಮೊಬೈಲನ್ನು ಮೈಭಾರ ಹಾಕಿ ವಾಲಿಸಿ ಹಿಡಿದಿರಬೇಕು. ಸಪೂರ ಟ್ರ್ಯಾಕಿನ ಬೈಕು ಮರಗಳ ನಡುವೆ ನುಸುಳಿಕೊಂಡು ಹೋಗುತ್ತದೆ. ಬೆಲೆ ತೆರಬೇಕಾದದ್ದೂ ಇದೆ. ಟ್ರ್ಯಾಕು ಸಪೂರ ಆದಷ್ಟೂ ನೆಲಕ್ಕೆ ತಾಗುವ ಜಾಗ ಕಡಿಮೆ. ಆದ್ದರಿಂದ ತೀರಾ ಹುಡಿ ಹಿಮದಲ್ಲಿ ದೊಡ್ಡ ಸ್ನೋಮೊಬೈಲಿನಷ್ಟು ಸಲೀಸಾಗಿ ತೇಲುವುದಿಲ್ಲ. ತುಳಿದು ಗಟ್ಟಿಯಾದ ಹಿಮದ ದಾರಿಯಲ್ಲಿ ವಾಲಲು ಹಿಮ ಜಾಗ ಬಿಡುವುದಿಲ್ಲ, ಬೈಕು ತೊಳಲಾಡುತ್ತದೆ. ಟ್ರ್ಯಾಕನ್ನು ತಿರುಗಿಸಲು ಚಕ್ರಕ್ಕಿಂತ ಜಾಸ್ತಿ ಬಲ ಬೇಕಾಗುವುದರಿಂದ ಎಂಜಿನ್ನು ಸದಾ ದುಡಿಯುತ್ತಲೇ ಇರುತ್ತದೆ. ಹಾಗಿದ್ದೂ ಎಂಜಿನ್ನು ಅತಿಯಾಗಿ ತಣ್ಣಗಾಗಬಾರದು ಎಂದು ರೇಡಿಯೇಟರಿಗೆ ಹೊದಿಕೆ ಹಾಕುವುದುಂಟು. ಸುತ್ತ ಅಷ್ಟು ಚಳಿ.

ಹಳೆಯ ಬೈಕುಗಳಿಗೆ ತಾವೇ ಟ್ರ್ಯಾಕ್ ಕೂರಿಸುವ ಹವ್ಯಾಸಿಗಳು ಚಳಿ ದೇಶಗಳಲ್ಲಿ ಇದ್ದಾರೆ. ಗಾಳಿಯಿಂದ ತಂಪಾಗುವ ಹಳೆಯ ಎಂಜಿನ್ನು ಹಿಮದಲ್ಲಿ ಹೇಗೋ ಬದುಕಿಕೊಳ್ಳುತ್ತದೆ. ಅದನ್ನೇ ಬಿಸಿ ಮರಳಿಗೆ ಇಳಿಸಿದರೆ ಕಥೆ ಬೇರೆ. ವೇಗ ಕಡಿಮೆ, ಹೊರೆ ಜಾಸ್ತಿ, ಬೀಸುವ ಗಾಳಿ ಇಲ್ಲ. ಹೆಡ್ ಕಾದು ಹೋಗುತ್ತದೆ. ಕ್ಲಚ್ ಪ್ಲೇಟೂ ಅಷ್ಟೇ, ಬೇಗ ಸುಡುತ್ತದೆ. ಹಳೆಯ ಬೈಕಿಗೆ ಟ್ರ್ಯಾಕ್ ಹಾಕುವವರು ಅದಕ್ಕೇ ಚೈನಿನ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್, ಬದಲಿಸಿ ಗೇರಿಂಗ್ ಇಳಿಸಿಕೊಳ್ಳಬೇಕು. ವೇಗದ ಆಸೆ ಬಿಡಬೇಕು.

ಕೆಟೆನ್‌ಕ್ರಾಡಿನ ಟ್ರ್ಯಾಕು ಗಾಡಿಯಿಂದ ಬೇರೆಯಾಗುವಂಥದ್ದಲ್ಲ, ಅದನ್ನು ತೆಗೆದರೆ ಗಾಡಿಯೇ ಇಲ್ಲ. ಸ್ನೋಬೈಕಿನ ಕಿಟ್ ಹಾಗಲ್ಲ. ಚಳಿ ಮುಗಿದು ಹಿಮ ಕರಗಿತು ಅನ್ನಿ. ಸ್ಕೀ ಬಿಚ್ಚಿ, ಟ್ರ್ಯಾಕ್ ಇಳಿಸಿ, ಗ್ಯಾರೇಜಿನ ಮೂಲೆಯಲ್ಲಿಟ್ಟ ಎರಡು ಚಕ್ರಗಳನ್ನು ತಂದು ಮತ್ತೆ ಕೂರಿಸುತ್ತಾರೆ. ಚೈನಿನ ಬಿಗಿ ನೋಡುತ್ತಾರೆ, ಬ್ರೇಕ್ ಒತ್ತಿ ನೋಡುತ್ತಾರೆ. ಸಂಜೆಗೆ ಅದೇ ಬೈಕು ಮಣ್ಣುದಾರಿಯ ತಿರುವಿನಲ್ಲಿ ವಾಲಿಕೊಂಡು ಹೋಗುತ್ತಿರುತ್ತದೆ.